ಉಮ್ಮರ್ ಬ್ಯಾರಿಯ ಸದ್ದಿಲ್ಲದ ಗಾಡಿ

ಕಕ್ಕಿಂಜೆಯ ಉಮ್ಮರ್ ಬ್ಯಾರಿಯವರ ಅಂಬಾಸಿಡರ್ ಕಾರನ್ನು ಕಣ್ಣಿನಿಂದ ಗುರುತಿಸಿದವರು ಕಡಿಮೆ, ಕಿವಿಯಿಂದ ಗುರುತಿಸಿದವರೇ ಹೆಚ್ಚು. ಏರು ಬಂತೆಂದರೆ ಸಾಕು, ಆ ಡೀಸೆಲ್ ಕಾರು ಆಸ್ತಿಯ ಪಾಲಿಗೆ ಬಂದ ಅಣ್ಣತಮ್ಮಂದಿರ ಹಾಗೆ ಬೊಬ್ಬೆ ಹಾಕುತ್ತಿತ್ತು. ಹಿಂದಿನಿಂದ ಬಿಡುತ್ತಿದ್ದ ಹೊಗೆಯ ಸಂಗತಿಯಂತೂ ಕೇಳಬೇಡಿ. ಮಾರ್ಗದ ಬದಿಯಲ್ಲಿ ಬಟ್ಟೆ ಒಣಗಲು ಹಾಕಿದ ಹೆಂಗಸರು ಸದ್ದು ಕೇಳಿದ ಕೂಡಲೇ ಓಡಿ ಬಂದು ಬಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು, ಕಾರು ದಾಟಿದ ಮೇಲೆ ಪುನಃ ತಂದು ಹಾಕುತ್ತಿದ್ದರು. ಅದಕ್ಕಾಗಿ ಬ್ಯಾರಿಯವರನ್ನು ಬೈದವರಿಲ್ಲ. ಕಾರು ಅಂದಮೇಲೆ ಹೊಗೆ ಇರುವುದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಬ್ಯಾರಿಯವರಿಗೆ ವಾರದ ದೊಡ್ಡ ಬಾಡಿಗೆ ಸೋಮವಾರದ್ದು. ಅಂದು ಬೆಳ್ತಂಗಡಿಯಲ್ಲಿ ಸಂತೆ. ಚಾರ್ಮಾಡಿ ರಸ್ತೆಯಿಂದ ಎಡಕ್ಕೆ ಸೀಳಿ ಹೋಗುವ ಮಣ್ಣಿನ ಮಾರ್ಗದಲ್ಲಿ ಕೊಪ್ಪದಬೈಲು ಎಂಬ ಊರು ಉಂಟು. ಅಲ್ಲಿಗೆ ಬಸ್ಸಿಲ್ಲ. ಮಾರ್ಗ ಕೆಳಗೆ, ಮನೆಗಳೆಲ್ಲ ಮೇಲೆ ಗುಡ್ಡದ ಮೈಯಲ್ಲಿ. ಬ್ಯಾರಿಯವರು ಬೆಳಿಗ್ಗೆ ಖಾಲಿ ಕಾರು ತೆಗೆದುಕೊಂಡು ಮಾರ್ಗದ ಕೊನೆಯವರೆಗೆ ಹೋಗುತ್ತಿದ್ದರು, ಅಲ್ಲಿನ ಹಲಸಿನ ಮರದ ಬುಡದಲ್ಲಿ ತಿರುಗಿಸಿ ಒಂದು ಬೀಡಿ ಸೇದಿ ಹಿಂದಕ್ಕೆ ಬರುತ್ತಿದ್ದರು. ಬರುವಾಗ ಒಂದೊಂದು ಮನೆಯ ಕಾಲುದಾರಿ ಮಾರ್ಗಕ್ಕೆ ಸೇರುವಲ್ಲಿಯೂ ಜನ ತಯಾರಾಗಿ ನಿಂತಿರುತ್ತಿದ್ದರು. ಬಸಳೆಯ ಕಟ್ಟು, ಅಲಸಂಡೆ, ವೀಳ್ಯದೆಲೆ, ಕಾಲು ಕಟ್ಟಿದ ಕೋಳಿ, ಎಲ್ಲವೂ ಜನರ ಜೊತೆಗೇ ಕಾರಿನೊಳಗೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಎಷ್ಟು ಮಂದಿ ಎಂದು ಯಾವ ಪೊಲೀಸರೂ ಸರಿಯಾಗಿ ಎಣಿಸಿದ್ದಿಲ್ಲ.

ಜನ ಹೀಗೆ ಸರಿಯಾದ ಹೊತ್ತಿಗೆ ಬಂದು ನಿಲ್ಲುವುದು ತನ್ನ ಸಮಯಪಾಲನೆಯ ದೆಸೆಯಿಂದ ಎಂದು ಬ್ಯಾರಿಯವರು ಗಟ್ಟಿಯಾಗಿ ನಂಬಿದ್ದರು. “ಕೊಪ್ಪದಬೈಲಿನವರಿಗೆ ಗಡಿಯಾರ ಬೇಡ, ನಾನು ಉಂಟಲ್ಲ” ಎಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹೇಳಿಕೊಳ್ಳುವುದೂ ಇತ್ತು. ಸತ್ಯ ಹೇಳಬೇಕೆಂದರೆ ಆ ಕಾರು ಸ್ಟಾರ್ಟ್ ಆದದ್ದೇ ಹೊತ್ತು. ಒಂದು ಸೋಮವಾರ ಆರೂವರೆಗೆ ಹೊರಟರೆ ಇನ್ನೊಂದು ಸೋಮವಾರ ನೆರೆಮನೆಯವರೆಲ್ಲ ಸೇರಿ ದೂಡಿ ಎಂಟು ಗಂಟೆ. ಬೈಲಿನವರು ಕಾಯುತ್ತಿದ್ದದ್ದು ಬೊಬ್ಬೆಗೆ. ಕಾರು ಮೊದಲ ತಿರುವಿನಲ್ಲಿ ಗೇರು ಬದಲಿಸಿತೆಂದರೆ ಸುಬ್ಬಯ್ಯ ಗೌಡರು ಬಚ್ಚಲಿಗೆ ಹೋಗುತ್ತಿದ್ದರು. ಮೋರಿ ದಾಟಿತೆಂದರೆ ಶಶಿಪ್ರಭಾ ಬಸಳೆಯ ಕಟ್ಟಿಗೆ ಬಾಳೆಯ ನಾರು ಬಿಗಿಯುತ್ತಿದ್ದಳು. ಹಲಸಿನ ಮರದ ಬುಡ ತಲುಪುವಾಗ ಎಲ್ಲರೂ ಗುಡ್ಡ ಇಳಿಯಲು ತೊಡಗುತ್ತಿದ್ದರು. ಈ ಏರ್ಪಾಡನ್ನು ಯಾರೂ ಕೂತು ಮಾಡಿದ್ದಲ್ಲ, ಹಾಗಾಗಿ ಯಾರೂ ಬ್ಯಾರಿಯವರಿಗೆ ಅದನ್ನು ಹೇಳಿಯೂ ಇರಲಿಲ್ಲ. ಕಾರಿನ ಒಳಗೆ ಕೂತವರಿಗೆ ಹೊರಗಿನ ಸದ್ದಿನ ಬೆಲೆ ಹೇಗೆ ಗೊತ್ತಾಗಬೇಕು?

ಹೀಗೆ ನಡೆಯುತ್ತಿರುವಾಗ ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಹೊಸ ಕಾನೂನು ಬಂತು. ಹಳೆಯ ಡೀಸೆಲ್ ಟ್ಯಾಕ್ಸಿಗಳಿಗೆ ಇನ್ನು ಮೇಲೆ ಹೊಗೆಯ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಪರ್ಮಿಟ್ ಮುಂದುವರಿಯುವುದಿಲ್ಲ, ಸ್ಟ್ಯಾಂಡಿನಲ್ಲಿ ಜಾಗವೂ ಇಲ್ಲ. ಹೊಗೆ ಕಡಿಮೆ ಇರುವ ಗಾಡಿ ತಂದವರಿಗೆ ಹಳೆಯ ಪರ್ಮಿಟ್ಟನ್ನೇ ಅದಕ್ಕೆ ಬದಲಾಯಿಸಿ ಕೊಡುವುದು ಎಂದಾಯಿತು. ಸ್ಟ್ಯಾಂಡಿನಲ್ಲಿ ಒಂದು ವಾರ ಇದೇ ಮಾತು. ಬ್ಯಾರಿಯವರು ಮಾತ್ರ ನಿಶ್ಚಿಂತೆಯಿಂದ ಇದ್ದರು. ತನ್ನ ಕಾರು ಬಿಡುವುದು ಒಳ್ಳೆಯ ಹೊಗೆ ಎಂದು ಅವರ ಅಭಿಪ್ರಾಯ.

ಪರೀಕ್ಷೆ ನಡೆದದ್ದು ಬೆಳ್ತಂಗಡಿಯ ಒಂದು ಬಯಲಿನಲ್ಲಿ. ಬ್ರೇಕ್ ಇನ್‌ಸ್ಪೆಕ್ಟರು ತಿಂಗಳಿಗೊಮ್ಮೆ ಬಂದು ಗಾಡಿಗಳ ತಪಾಸಣೆಗೆ ಕ್ಯಾಂಪ್ ಹಾಕುತ್ತಿದ್ದರು. ಆ ಸಲ ಅವರ ಜೊತೆಗೆ ಒಂದು ಯಂತ್ರವೂ ಬಂದಿತ್ತು. ಅದರ ಕೊಳವೆಯನ್ನು ಬ್ಯಾರಿಯವರ ಕಾರಿನ ಸೈಲೆನ್ಸರಿಗೆ ತುರುಕಿಸಿ, “ಒಂದು ಸಲ ರೇಸ್ ಮಾಡಿ” ಎಂದರು. ಬ್ಯಾರಿಯವರು ಮರ್ಯಾದೆಯ ಪ್ರಶ್ನೆ ಎಂದು ತಿಳಿದು ಜೋರಾಗಿಯೇ ತುಳಿದರು. ಬಯಲಿನಲ್ಲಿ ಸ್ವಲ್ಪ ಹೊತ್ತು ಯಾರಿಗೂ ಯಾರೂ ಕಾಣಲಿಲ್ಲ. ಹೊಗೆ ಇಳಿದಾಗ ಯಂತ್ರದ ಮುಳ್ಳು ಕೊನೆಗೆ ಹೋಗಿ ಕೂತಿತ್ತು, ಇನ್‌ಸ್ಪೆಕ್ಟರ ಬಿಳಿ ಅಂಗಿ ಬೂದು ಬಣ್ಣಕ್ಕೆ ತಿರುಗಿತ್ತು, ಅವರು ಕೆಮ್ಮುತ್ತಲೇ ನಗುತ್ತಿದ್ದರು.

“ಬ್ಯಾರಿಗಳೇ, ನಿಮ್ಮ ಪರ್ಮಿಟ್ ಎಲ್ಲಿಗೂ ಹೋಗುವುದಿಲ್ಲ. ಗಾಡಿ ಮಾತ್ರ ಹೋಗಬೇಕು” ಎಂದರು.

ಗಾಡಿ ಹೋಯಿತು. ಬಿಡಿಭಾಗ ಮಾರುವ ಮೂಡಬಿದಿರೆಯ ಒಬ್ಬರು ಬಂದು ಕೊಂಡುಹೋದರು. ಅದು ಅಂಗಳ ದಾಟುವಾಗ ಬ್ಯಾರಿಯವರು ಬೇಲಿಯ ಹತ್ತಿರ ನಿಂತು ಅತ್ತರು. ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ರಾತ್ರಿ ಹೆಂಡತಿ ಅವ್ವಮ್ಮ ಬಂಗುಡೆ ಮೀನು ಕಾಯಿಸಿದ್ದನ್ನು ನೋಡಿ ಎರಡು ಹೊತ್ತಿನದ್ದನ್ನೂ ಒಟ್ಟಿಗೇ ಉಂಡರು. ಸುದ್ದಿ ಊರಿಂದ ಊರಿಗೆ ಹೋಗುವಾಗ ಮಧ್ಯಾಹ್ನದ ಉಪವಾಸ ಮಾತ್ರ ಹೋಯಿತು, ರಾತ್ರಿಯ ಬಂಗುಡೆ ದಾರಿಯಲ್ಲೇ ಉಳಿಯಿತು.

ಆ ಜಾಗಕ್ಕೆ ಬಂದದ್ದು ಗ್ಯಾಸಿನಲ್ಲಿ ಓಡುವ ಒಂದು ಬಿಳಿ ಓಮ್ನಿ. ಅವ್ವಮ್ಮನನ್ನು ಕೂರಿಸಿಕೊಂಡು ಮೊದಲು ಹೋದದ್ದು ಕಲ್ಲಡ್ಕಕ್ಕೆ, ಮಗಳು ಸಮೀನಾಳ ಮನೆಗೆ. ಹೊರಟು ಸ್ವಲ್ಪ ಹೊತ್ತಾದ ಮೇಲೆ ಅವ್ವಮ್ಮ ಕೇಳಿದರು, “ಇದು ಸ್ಟಾರ್ಟ್ ಆಗಿ ಹೋಗ್ತಾ ಉಂಟಾ, ಇಲ್ಲ ಇಳಿಜಾರಿನಲ್ಲಿ ಹಾಗೇ ಹೋಗ್ತಾ ಉಂಟಾ?”

“ನಿನಗೆ ಕಾಣುವುದಿಲ್ಲವಾ? ಏರು ಹತ್ತುತ್ತಾ ಉಂಟು” ಎಂದರು ಬ್ಯಾರಿ.

ಅಂಬಾಸಿಡರಿನಲ್ಲಿ ಕೂತಾಗಲೆಲ್ಲ ವಾಂತಿ ಮಾಡುತ್ತಿದ್ದ ಅವ್ವಮ್ಮ ಕಲ್ಲಡ್ಕದವರೆಗೆ ಸುಖವಾಗಿ ಹೋದರು, ಅಲ್ಲಿ ಎರಡು ಗ್ಲಾಸು ಚಹಾ ಕುಡಿದು ಸುಖವಾಗಿ ಹಿಂದಕ್ಕೆ ಬಂದರು. ಬ್ಯಾರಿಯವರ ಅಂಗಿಗೆ ಡೀಸೆಲ್ ವಾಸನೆ ಇಲ್ಲ. ಕೆಮ್ಮು ಕಡಿಮೆಯಾಯಿತು. ಕಾನೂನು ಮಾಡಿದವರು ಅಷ್ಟೇನೂ ದಡ್ಡರಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡರು. ಸ್ಟ್ಯಾಂಡಿನಲ್ಲಿ ಸುಲೈಮಾನ್ ಎಂಬ ಚೇಷ್ಟೆಯ ಡ್ರೈವರ್ ಮಾತ್ರ ಸುಮ್ಮನಿರಲಿಲ್ಲ. “ಕಾಕ, ಹಿಂದೆ ಗ್ಯಾಸಿನ ಅಂಡೆ ಕಟ್ಟಿಕೊಂಡು ತಿರುಗ್ತೀರಲ್ಲ, ಜನ ಹತ್ತುತ್ತಾರಾ ನೋಡುವ. ನನ್ನ ಉಮ್ಮ ಅಂತೂ ಅಡುಗೆಮನೆಯ ಅಂಡೆಯ ಹತ್ತಿರವೇ ಹೋಗುವುದಿಲ್ಲ” ಎಂದು ಕಾಲೆಳೆದ. ಬ್ಯಾರಿಯವರು ನಕ್ಕರು. ನಕ್ಕರೂ ಆ ಮಾತು ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಒಳಗೆ ಉಳಿಯಿತು.

ಹೊಸ ಗಾಡಿಯ ಮೊದಲ ಸೋಮವಾರ ಬಂತು. ಬ್ಯಾರಿಯವರು ಒಗೆದ ಅಂಗಿ ಹಾಕಿ, ಸೀಟಿನ ಪ್ಲಾಸ್ಟಿಕ್ ಹರಿಯದೆ ಹಾಗೇ ಉಳಿಸಿ, ಕೊಪ್ಪದಬೈಲಿಗೆ ಹೋದರು. ಹಲಸಿನ ಮರದ ಬುಡದಲ್ಲಿ ತಿರುಗಿಸಿದರು. ಬೀಡಿ ಸೇದಲು ಗಾಡಿಯಿಂದ ದೂರ ಹೋಗಿ ನಿಂತರು. ಶಶಿಪ್ರಭಾ ಏನು ಹೇಳಬಹುದು, ಸುಬ್ಬಯ್ಯ ಗೌಡರು ಮುಂದಿನ ಸೀಟಿನಲ್ಲಿ ಕೂತು ಹೇಗೆ ಕಾಲು ಚಾಚಬಹುದು ಎಂದೆಲ್ಲ ಯೋಚಿಸಿ ಒಬ್ಬರೇ ಖುಷಿಪಟ್ಟರು. ಮತ್ತೆ ಮೆಲ್ಲ ಹಿಂದಕ್ಕೆ ಬಂದರು.

ಶಶಿಪ್ರಭಾಳ ಮನೆಯ ಕಾಲುದಾರಿಯಲ್ಲಿ ಯಾರೂ ಇಲ್ಲ. ಸ್ವಲ್ಪ ನಿಂತು ನೋಡಿದರು. ಗೌಡರ ದಾರಿಯಲ್ಲಿ ಒಂದು ದನ ಮಲಗಿತ್ತು. ಮೋರಿಯ ಹತ್ತಿರ, ಮುಂಡಪ್ಪನ ಮನೆಯ ಕೆಳಗೆ, ಎಲ್ಲಿಯೂ ಒಂದು ನರಪಿಳ್ಳೆ ಇಲ್ಲ. ಮೊದಲ ತಿರುವು ದಾಟಿ ಡಾಮರು ರಸ್ತೆಗೆ ಬಂದಾಗಲೂ ಓಮ್ನಿ ಖಾಲಿಯೇ ಇತ್ತು. ಬೆಳ್ತಂಗಡಿಯಲ್ಲಿ ಸಂತೆಯ ಬದಿಯಲ್ಲಿ ಗಾಡಿ ನಿಲ್ಲಿಸಿ ಕೂತಿದ್ದಾಗ, ಹೊತ್ತು ಏರಿದ ಮೇಲೆ, ಉಜಿರೆ ಕಡೆಯ ಲೋಕಯ್ಯನ ಜೀಪು ಬಂದು ನಿಂತಿತು. ಅದರಿಂದ ಬಸಳೆಯ ಕಟ್ಟು ಹಿಡಿದುಕೊಂಡು ಶಶಿಪ್ರಭಾ ಇಳಿದಳು. ಮುಂಡಪ್ಪ ಇಳಿದ. ಗೌಡರು ಕೊಡೆ ಊರಿಕೊಂಡು ಇಳಿದರು. ಬ್ಯಾರಿಯವರು ಸ್ಟೀರಿಂಗಿನ ಕೆಳಗೆ ತಲೆ ತಗ್ಗಿಸಿ, ಅವರ ಕಣ್ಣಿಗೆ ಬೀಳದಂತೆ ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋದರು.

ಅವರಿಗೆ ತುಂಬಾ ದುಃಖವಾಯಿತು. ಬಾಡಿಗೆ ಹೋದದ್ದಕ್ಕಲ್ಲ. ಶಶಿಪ್ರಭಾ ಮದುಮಗಳಾಗಿ ಆ ಬೈಲಿಗೆ ಬಂದದ್ದು ಅವರ ಕಾರಿನಲ್ಲಿ. ಗೌಡರ ಕಣ್ಣಿನ ಆಪರೇಶನ್ನಿಗೆ ಮಂಗಳೂರಿಗೆ ಕರೆದುಕೊಂಡು ಹೋದದ್ದು ಅವರು. ಇಷ್ಟು ವರ್ಷದ ಜನ ಒಂದು ಗ್ಯಾಸಿನ ಅಂಡೆಗೆ ಹೆದರಿ, ಒಂದು ಮಾತೂ ಹೇಳದೆ ಬೇರೆಯವನ ಜೀಪು ಹತ್ತಿದರಲ್ಲ ಎಂದು ಅವರಿಗೆ ಸಹಿಸಲಾಗಲಿಲ್ಲ.

ಮನೆಯಲ್ಲಿ ಅವ್ವಮ್ಮ ಎಲ್ಲ ಕೇಳಿಕೊಂಡು, “ನೀವು ಬಂದದ್ದು ಅವರಿಗೆ ಗೊತ್ತಾಗಲಿಲ್ಲವೋ ಏನೋ. ಒಂದು ಹಾರ್ನ್ ಹೊಡೆಯಬಾರದಿತ್ತಾ?” ಎಂದರು.

“ಕೊಪ್ಪದಬೈಲಿನಲ್ಲಿ ಹಾರ್ನ್ ಹೊಡೆಯುವುದಾ? ನಿನಗೆ ಮರುಳಾ?”

ಅದರಲ್ಲಿ ಒಂದು ವಿಷಯ ಉಂಟು. ಫೋನು ಇಲ್ಲದ ಕಾಲದಲ್ಲಿ ಆ ಬೈಲಿಗೆ ಸಾವಿನ ಸುದ್ದಿ ತರುತ್ತಿದ್ದದ್ದು ಕಾರು. ಆಸ್ಪತ್ರೆಯಲ್ಲೋ ದೂರದ ಊರಿನಲ್ಲೋ ಬೈಲಿನವರು ತೀರಿಹೋದರೆ, ಕಾರು ಮಾರ್ಗದ ಉದ್ದಕ್ಕೂ ಹಾರ್ನ್ ಒತ್ತಿ ಹಿಡಿದುಕೊಂಡು ಬರಬೇಕು. ಕೇಳಿದವರು ಕೈಯ ಕೆಲಸ ಅಲ್ಲಿಗೇ ಬಿಟ್ಟು ಮಾರ್ಗಕ್ಕೆ ಇಳಿಯಬೇಕು. ಹಾಗಾಗಿ ಬೇರೆ ಯಾವ ಕಾರಣಕ್ಕೂ ಅಲ್ಲಿ ಯಾರೂ ಹಾರ್ನ್ ಮುಟ್ಟುವುದಿಲ್ಲ. ಮಾರ್ಗಕ್ಕೆ ಅಡ್ಡ ಮಲಗಿದ ದನವನ್ನೂ ಇಳಿದು ಹೋಗಿ ಎಬ್ಬಿಸುತ್ತಾರೆ. ಫೋನು ಬಂದ ಮೇಲೂ, ಅದು ವಾರದಲ್ಲಿ ನಾಲ್ಕು ದಿನ ಸತ್ತೇ ಇರುತ್ತಿದ್ದುದರಿಂದ, ಹಾರ್ನಿನ ಪದ್ಧತಿ ಹಾಗೇ ಉಳಿದಿತ್ತು.

“ಹಾಗಾದರೆ ಇಳಿದು ಹೋಗಿ ಒಂದು ಮಾತು ಕೇಳಿ” ಎಂದರು ಅವ್ವಮ್ಮ.

“ನಾನು ಯಾಕೆ ಕೇಳಬೇಕು? ಬಿಟ್ಟುಹೋದವರು ಅವರು. ಬೇಕಾದರೆ ಅವರೇ ಕೇಳಲಿ.”

ನಮ್ಮ ಕಡೆಯವರ ಸಿಟ್ಟೇ ಹೀಗೆ. ಜಗಳ ಮಾಡುವುದಿಲ್ಲ, ಮುಖಕ್ಕೆ ಹೇಳುವುದೂ ಇಲ್ಲ, ಮಾತು ನಿಲ್ಲಿಸಿಬಿಡುತ್ತಾರೆ. ಎದುರಿನವರೂ ಇದೇ ನೀರು ಕುಡಿದವರಾದ್ದರಿಂದ ಅವರೂ ಸುಮ್ಮನಾಗುತ್ತಾರೆ. ಹೀಗೆ ಎರಡು ತಲೆಮಾರು ಮಾತಿಲ್ಲದೆ ಕಳೆದ ಮನೆಗಳು ನಮ್ಮ ತಾಲೂಕಿನಲ್ಲಿ ಬೇಕಾದಷ್ಟು ಉಂಟು, ಜಗಳ ಯಾವುದಕ್ಕೆ ಎಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ.

ಎರಡನೇ ಸೋಮವಾರವೂ ಬ್ಯಾರಿಯವರು ಹೋದರು. ಹೋಗುವುದಿಲ್ಲ ಎಂದು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿ, ಬದಲಿಸಿ, ಕೊನೆಗೆ ಎದ್ದು ಹೋದರು. ಅವರು ತಲುಪುವಾಗ ಲೋಕಯ್ಯನ ಜೀಪು ಬಂದು ಹೋಗಿ ಆಗಿತ್ತು, ಮಣ್ಣಿನಲ್ಲಿ ಅದರ ಚಕ್ರದ ಗುರುತು ಹಸಿಯಾಗಿಯೇ ಇತ್ತು. ಪುನಃ ಖಾಲಿ ಗಾಡಿ. ಅಂದು ಅವರು ಸಂತೆಯ ಕಡೆಗೂ ಹೋಗಲಿಲ್ಲ, ಸ್ಟ್ಯಾಂಡಿಗೂ ಹೋಗಲಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಕೂತರು.

ಮೂರನೇ ಸೋಮವಾರ ಜೀಪಿಗಿಂತ ಮೊದಲು ಹೋಗಿ ನೋಡುವುದು, ಅಂದೂ ಯಾರೂ ಬರದಿದ್ದರೆ ಇನ್ನು ಆ ಮಾರ್ಗಕ್ಕೆ ಗಾಡಿ ತಿರುಗಿಸುವುದೇ ಇಲ್ಲ ಎಂದು ಅವ್ವಮ್ಮನ ಹತ್ತಿರ ಹೇಳಿ ಹೊರಟರು. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತಷ್ಟೆ. ಓಮ್ನಿ ಮೊದಲ ತಿರುವು ಹತ್ತಿತು, ಮೋರಿ ದಾಟಿತು, ಮುಂಡಪ್ಪನ ನಾಯಿ ಮಲಗಿದಲ್ಲಿಂದ ಕಿವಿ ಸಹ ಎತ್ತಲಿಲ್ಲ. ಹಲಸಿನ ಮರದ ಬುಡದಲ್ಲಿ ತಿರುಗಿಸಿ ನಿಂತಾಗ ಮೇಲೆ ಶಶಿಪ್ರಭಾಳ ಅಂಗಳ ಕಂಡಿತು. ಅವಳು ಬಾವಿಯಿಂದ ನೀರು ಸೇದುತ್ತಿದ್ದಳು. ಪಕ್ಕದಲ್ಲಿ ಬಸಳೆಯ ರಾಶಿ ಇತ್ತು. ಸಂತೆಗೆ ಹೊರಟವಳೇ ಸರಿ.

ಬ್ಯಾರಿಯವರು ಗಾಡಿಯಿಂದ ಕೈ ಹೊರಗೆ ಹಾಕಿ ಎತ್ತಿದರು. ರಾಟೆ ಕಿರುಗುಡುತ್ತಿತ್ತು. ಶಶಿಪ್ರಭಾ ಕೊಡ ಎತ್ತಿಕೊಂಡಳು, ಕೆಳಗಿನ ಮಾರ್ಗದ ಕಡೆಗೆ ಮುಖ ಮಾಡಿಯೂ ನೋಡದೆ ಒಳಗೆ ಹೋದಳು.

ಕಂಡೂ ಕಾಣದ ಹಾಗೆ ಹೋದಳಲ್ಲ ಎಂದು ಬ್ಯಾರಿಯವರು ಎತ್ತಿದ ಕೈಯನ್ನು ಒಳಗೆ ಎಳೆದುಕೊಂಡರು. ಮದುವೆಯ ದಿನ ಹಿಂದಿನ ಸೀಟಿನಲ್ಲಿ ಕೂತು ಅಳುತ್ತಿದ್ದ ಹುಡುಗಿಗೆ ಗುಡ್ಡದ ಮೇಲಿನ ಒಂದೊಂದು ಮನೆಯನ್ನೂ ತೋರಿಸಿ ಹೆಸರು ಹೇಳಿಕೊಟ್ಟದ್ದು ನೆನಪಾಯಿತು. ಈ ಬೈಲಿಗೂ ನನಗೂ ಇಂದಿಗೆ ಮುಗಿಯಿತು ಎಂದುಕೊಂಡರು. ಹೋಗುವುದಾದರೂ ಕಳ್ಳನ ಹಾಗೆ ಹೋಗುವುದಿಲ್ಲ, ನಾನು ಹೋಗುವುದು ಇವರಿಗೆ ಕೇಳಲಿ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅಂಗೈ ಹಾರ್ನಿನ ಮೇಲೆ ಬಿತ್ತು, ಬಿದ್ದದ್ದು ಏಳಲಿಲ್ಲ. ಎಂಜಿನಿನ ಸದ್ದು ಇಲ್ಲದ ಆ ಗಾಡಿಗೆ ಕಂಪೆನಿಯವರು ಕೊಟ್ಟ ಹಾರ್ನ್ ಮಾತ್ರ ಭರ್ಜರಿ ಇತ್ತು. ಹಲಸಿನ ಮರದಿಂದ ಹೊರಟ ಓಮ್ನಿ ಮಾರ್ಗದ ಉದ್ದಕ್ಕೂ ಒಂದೇ ಸಮನೆ ಕೂಗುತ್ತ ಬಂತು.

ಎಲ್ಲಿಯೋ ಮೇಲೆ ಒಬ್ಬ ಹೆಂಗಸು “ಅಯ್ಯೋ ದೇವರೇ” ಎಂದದ್ದು ಕೇಳಿದಾಗಲೇ ಬ್ಯಾರಿಯವರಿಗೆ ತಾನು ಮಾಡಿದ್ದು ಏನೆಂದು ತಲೆಗೆ ಹೋದದ್ದು. ಕೈ ತೆಗೆದರು. ತೆಗೆದು ಏನು ಪ್ರಯೋಜನ? ಗುಡ್ಡದ ಎಲ್ಲ ದಾರಿಗಳಲ್ಲೂ ಜನ ಇಳಿಯುತ್ತಿದ್ದರು. ತಿಂಡಿಯ ಕೈ ತೊಳೆಯದವರು, ಒಂದೇ ಕಾಲಿಗೆ ಚಪ್ಪಲಿ ಹಾಕಿದವರು. ಸುಬ್ಬಯ್ಯ ಗೌಡರು ಅಭ್ಯಂಜನಕ್ಕೆ ಕೂತಿದ್ದವರು ಮೈತುಂಬ ಎಣ್ಣೆಯಲ್ಲಿ, ಸೊಂಟಕ್ಕೆ ಬೈರಾಸು ಸುತ್ತಿಕೊಂಡು, ಹೆಗಲಿಗೆ ಏನನ್ನೋ ಏರಿಸಿಕೊಂಡು ಬರುತ್ತಿದ್ದರು. ಮಾರ್ಗದಲ್ಲಿ ಜನ ಅಡ್ಡ ನಿಂತರು. ಬೇರೆ ದಾರಿ ಇಲ್ಲದೆ ಬ್ಯಾರಿಯವರು ಗಾಡಿ ನಿಲ್ಲಿಸಿ ಇಳಿದರು.

ಅವರನ್ನು ಕಂಡದ್ದೇ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಶಶಿಪ್ರಭಾಳ ಮುಖವಿಡೀ ಕಣ್ಣೀರು. ಅವಳು ಅಳುವುದನ್ನು ನಿಲ್ಲಿಸಿ ಬಾಯಿ ತೆರೆದು ನೋಡಿದಳು.

“ಬ್ಯಾರಿ, ನೀವೇ ಬಂದದ್ದಾ?” ಎಂದರು ಗೌಡರು, ಬಹಳ ಮೆಲ್ಲನೆ.

“ಮತ್ತೆ ಯಾರು ಬರಬೇಕು?”

“ಅಲ್ಲ... ಹಾಗಾದರೆ ಹೋದದ್ದು ಯಾರು?”

“ಯಾರೂ ಹೋಗಲಿಲ್ಲ ಗೌಡ್ರೇ. ಸಿಟ್ಟಿನಲ್ಲಿ ಕೈ ಬಿತ್ತು. ತಪ್ಪಾಯ್ತು” ಎಂದು ಬ್ಯಾರಿಯವರು ತಲೆ ತಗ್ಗಿಸಿದರು.

ಗೌಡರಿಗೆ ಪ್ರಾಯವಾದರೂ ದನಿಗೆ ಆಗಿರಲಿಲ್ಲ. ಅಷ್ಟೂ ದನಿಯನ್ನು ಒಟ್ಟಿಗೆ ಬಿಟ್ಟರು. “ಸಿಟ್ಟು? ನಿಮಗೆಂಥ ಸಿಟ್ಟು ಮಾರಾಯ್ರೇ? ಸಿಟ್ಟು ಬರಬೇಕಾದ್ದು ನಮಗೆ. ಬರುವುದಿಲ್ಲ ಅಂತ ಒಂದು ಮಾತು ಹೇಳಿ ಕಳಿಸಬಾರದಾ? ಮೊದಲನೇ ಸೋಮವಾರ ಕಾದು ಕಾದು ಸಾಕಾಗಿ, ಡಾಮರು ರಸ್ತೆಯವರೆಗೆ ನಡೆದು, ದಾರಿಯಲ್ಲಿ ಹೋಗುವ ಜೀಪಿಗೆ ಕೈ ಅಡ್ಡ ಹಿಡಿದದ್ದು ನಾವು.”

“ನಾನು ಬಾರದೆ ಎಂಥ? ಮೂರು ಸೋಮವಾರವೂ ಬಂದಿದ್ದೇನೆ. ಗ್ಯಾಸಿನ ಗಾಡಿ ಅಂತ ಹತ್ತದೆ ಇದ್ದದ್ದು ನೀವು.”

“ಸುಳ್ಳು ಹೇಳಬೇಡಿ ಕಾಕ” ಎಂದಳು ಶಶಿಪ್ರಭಾ ಸೆರಗಿನಿಂದ ಮೂಗು ಒರೆಸುತ್ತ. “ಹಳೆಯದಾಗಲಿ ಹೊಸತಾಗಲಿ, ನಿಮ್ಮ ಗಾಡಿ ಬಂದರೆ ನಮಗೆ ಕೇಳುವುದಿಲ್ಲವಾ? ಕಿವಿ ಉಂಟಲ್ಲ ನಮಗೆ. ಮೋರಿ ದಾಟಿದ ಸದ್ದು ಕೇಳ್ತದೆ ಅಂತ ಬಸಳೆ ಕಟ್ಟದೆ ಹಾಗೇ ಇಟ್ಟು ಕೂತಿದ್ದೆ. ಗ್ಯಾಸಿನದ್ದು ಅಂತ ನನಗೆ ಗೊತ್ತಾದದ್ದು ಈಗ, ನೀವು ಹೇಳಿ.”

ಬ್ಯಾರಿಯವರು ಅವಳನ್ನು ನೋಡಿದರು, ಗಾಡಿಯನ್ನು ನೋಡಿದರು, ಪುನಃ ಅವಳನ್ನು ನೋಡಿದರು. ಬೈಲಿನವರಿಗೆ ಗಡಿಯಾರ ತಾನಲ್ಲ ಎಂಬುದು ಆ ಹೊತ್ತಿಗೆ, ಆ ಪ್ರಾಯದಲ್ಲಿ ಅವರಿಗೆ ತಿಳಿಯಿತು. ಹೋಗಿ ಒಳಗೆ ಕೂತು ಕೀ ತಿರುಗಿಸಿದರು.

“ಸ್ಟಾರ್ಟ್ ಮಾಡಿ ನೋಡುವ” ಎಂದ ಮುಂಡಪ್ಪ.

“ಮಾಡಿ ಆಯ್ತು” ಎಂದರು ಬ್ಯಾರಿ ಒಳಗಿನಿಂದ.

ಮುಂಡಪ್ಪ ನಂಬದೆ ಹಿಂದಕ್ಕೆ ಹೋಗಿ ಬಗ್ಗಿ, ಸೈಲೆನ್ಸರಿನ ಮುಂದೆ ಅಂಗೈ ಹಿಡಿದ. ಬಿಸಿ ಗಾಳಿ ತಾಗಿತು. ಅಂಗೈ ತಿರುಗಿಸಿ ನೋಡಿದರೆ ಮಸಿ ಇಲ್ಲ. ಮೂಸಿ ನೋಡಿದ. “ಇದು ಓಡ್ತಾ ಉಂಟು ಗೌಡ್ರೇ” ಎಂದ, ಕಳ್ಳನನ್ನು ಹಿಡಿದುಕೊಟ್ಟ ದನಿಯಲ್ಲಿ. ಮೊದಲು ನಕ್ಕವಳು ಶಶಿಪ್ರಭಾ. ಅಳು ಪೂರ್ತಿ ಮುಗಿಯದೆಯೇ ನಗು ಬಂದು ಅವಳಿಗೆ ಬಿಕ್ಕಳಿಕೆ ಹಿಡಿಯಿತು. ಆಮೇಲೆ ಒಬ್ಬರನ್ನೊಬ್ಬರು ನೋಡಿ ಇಡೀ ಬೈಲು ನಕ್ಕಿತು. ಗೌಡರು ನಕ್ಕ ರಭಸಕ್ಕೆ ಬೈರಾಸು ಬಿಚ್ಚುವುದರಲ್ಲಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡರು. ಇನ್ನೊಂದು ಕೈ ಹೆಗಲಿನ ಮೇಲಿದ್ದುದನ್ನು ಬಿಟ್ಟಿರಲಿಲ್ಲ.

ಬ್ಯಾರಿಯವರ ಕಣ್ಣು ಆಗ ಅದರ ಮೇಲೆ ಬಿತ್ತು. ಅದೊಂದು ಮಣ್ಣು ಅಗೆಯುವ ಪಿಕ್ಕಾಸು. ಮುಂಡಪ್ಪನ ಕಾಲಬುಡದಲ್ಲಿ ಹಾರೆ ಇತ್ತು. ಆಚೆ ನಿಂತ ಗಂಡಸರ ಕೈಯಲ್ಲೂ ಹಾರೆ, ಪಿಕ್ಕಾಸು, ಮಣ್ಣು ಹೊರುವ ಬುಟ್ಟಿ. ಹಾರ್ನಿಗೆ ಇಳಿದು ಬರುವ ಗಂಡಸರು ಬರಿಗೈಯಲ್ಲಿ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೆ ಬೈಲಿನಲ್ಲಿ ಇರುವುದೆಲ್ಲ ಹೆಣ ಸುಡುವವರ ಮನೆಗಳು. ಸಾವಾದ ಮನೆಯವರ ಮಾವಿನ ಮರ ಕಡಿದು ಕಟ್ಟಿಗೆ ಮಾಡಿಕೊಡಬೇಕೆಂದು ಒಬ್ಬೊಬ್ಬರೂ ಕೊಡಲಿ ತರುತ್ತಿದ್ದರು. ಇಷ್ಟು ವರ್ಷ ಅವರು ನೋಡಿದ್ದು ಕೊಡಲಿಗಳನ್ನೇ. ಇಂದು ಹುಡುಕಿದರೂ ಒಂದು ಕೊಡಲಿ ಕಾಣಲಿಲ್ಲ.

“ಗೌಡ್ರೇ” ಎಂದರು ಬ್ಯಾರಿ. “ಕೊಡಲಿ ಬಿಟ್ಟು ಪಿಕ್ಕಾಸು ಯಾಕೆ?”

ನಗು ನಿಂತಿತು. ಮುಂಡಪ್ಪ ಹಾರೆಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದ. ಗೌಡರು ಗುಡ್ಡದ ಕಡೆಗೆ ನೋಡಿದರು, ಆಕಾಶ ನೋಡಿದರು, ಬೇರೆ ನೋಡಲು ಏನೂ ಸಿಗದೆ ಬ್ಯಾರಿಯವರ ಮುಖ ನೋಡಿದರು.

“ನಿಮ್ಮಲ್ಲಿ ಕಟ್ಟಿಗೆ ಬೇಕಾಗುವುದಿಲ್ಲವಲ್ಲ” ಎಂದರು.

ಬ್ಯಾರಿಯವರು ಬಾಗಿಲು ತೆರೆದು ಗಾಡಿಯಿಂದ ಇಳಿದರು.

“ಹಳೇ ಕಾರು ಕೊಟ್ಟ ದಿನದಿಂದ ಬ್ಯಾರಿ ಅನ್ನ ಮುಟ್ಟುವುದಿಲ್ಲ ಅಂತ ಸುದ್ದಿ ಬಂದಿತ್ತು. ಎರಡು ಸೋಮವಾರ ಕಾಣಲೂ ಇಲ್ಲ. ಈ ಶುಕ್ರವಾರ ಎಲ್ಲರೂ ಸೇರಿ ಕಕ್ಕಿಂಜೆಗೆ ನೋಡಲು ಬರುವುದು ಅಂತ ಮಾತಾಗಿತ್ತು. ಅಷ್ಟರಲ್ಲಿ ಈ ಹಾರ್ನ್. ನಮ್ಮವರೆಲ್ಲ ಮನೆಯಲ್ಲೇ ಇದ್ದಾರೆ, ಆಸ್ಪತ್ರೆಯಲ್ಲಿ ಯಾರೂ ಇಲ್ಲ. ಬೈಲಿನ ಹೊರಗೆ ಇರುವ ನಮ್ಮವರು ಅಂದರೆ ನೀವೊಬ್ಬರೇ ಅಲ್ವಾ? ಕೊಡಲಿ ಕೈಗೆ ತೆಗೆದುಕೊಂಡಿದ್ದೆ. ಆಮೇಲೆ ಇಟ್ಟು ಇದನ್ನು ತಂದೆ.”

ಯಾರೂ ಇನ್ನೊಂದು ಮನೆಯವರನ್ನು ಕೇಳಿ ಬಂದವರಲ್ಲ. ಒಂದೊಂದು ಮನೆಯವರೂ ತಮ್ಮಷ್ಟಕ್ಕೆ ಕೊಡಲಿ ಇಟ್ಟು ಹಾರೆ ಹಿಡಿದಿದ್ದರು. ಉಮ್ಮರ್ ಬ್ಯಾರಿಯವರು ಗಾಡಿಯ ಬಾಗಿಲು ಹಿಡಿದುಕೊಂಡು, ನಾಚಿಕೆಯಿಲ್ಲದೆ, ಎಲ್ಲರ ಎದುರಿಗೆ ಅತ್ತರು. ಶಶಿಪ್ರಭಾ ಅವರ ಕೈಗೆ ನೀರಿನ ಚೆಂಬು ಕೊಟ್ಟಳು. ಸಾವಿನ ಮನೆಗೆಂದು ಹೊರಟವಳು ಅದನ್ನೂ ಹಿಡಿದುಕೊಂಡೇ ಇಳಿದಿದ್ದಳು.

ಅಷ್ಟರಲ್ಲಿ ಲೋಕಯ್ಯನ ಜೀಪು ಸದ್ದು ಮಾಡುತ್ತ ಬಂತು. ಹಾರೆ ಪಿಕ್ಕಾಸು ಹಿಡಿದ ಗುಂಪು ನೋಡಿ ಅವನು ದೂರದಲ್ಲೇ ಬ್ರೇಕ್ ಹಾಕಿದ. ಮುಂಡಪ್ಪ ಹೋಗಿ ವಿಷಯ ತಿಳಿಸಿದ ಮೇಲೆ ಹತ್ತಿರ ಬಂದು, “ನನಗೆ ಈ ಬಾಡಿಗೆ ಬೇಡ ಬ್ಯಾರಿಗಳೇ, ನೀವು ಮಾಡುವುದಿಲ್ಲ ಅಂತ ಇವರು ಹೇಳಿದ್ದಕ್ಕೆ ಬಂದೆ” ಎಂದ. ಆದರೆ ಅಂದು ಓಮ್ನಿಯಲ್ಲಿ ಎಲ್ಲರಿಗೂ ಜಾಗ ಸಾಲದೆ ಬಸಳೆ, ಬಾಳೆಗೊನೆ, ಕೋಳಿಗಳನ್ನು ಜೀಪಿನಲ್ಲಿ ಹಾಕಿ, ಮನುಷ್ಯರೆಲ್ಲ ಓಮ್ನಿಯಲ್ಲೇ ತುಂಬಿದರು. ಗ್ಯಾಸಿನ ಅಂಡೆಯ ಮೇಲೆ ಕೂರುವ ಜಾಗಕ್ಕೆ ಜಗಳವೇ ಆಯಿತು. ಗೌಡರು ಸ್ನಾನ ಮುಗಿಸಿ ಬರುವವರೆಗೆ ಎಲ್ಲರೂ ಕಾದರು.

ಮುಂದಿನ ಸೋಮವಾರಕ್ಕೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ಚರ್ಚೆ. ಹಿಂದೆ ಖಾಲಿ ಡಬ್ಬ ಕಟ್ಟಿ ಎಳೆದುಕೊಂಡು ಬರುವ ಎಂದ ಮುಂಡಪ್ಪ. ಸೈಲೆನ್ಸರಿಗೆ ಒಂದು ತೂತು ಮಾಡುವ ಎಂದ ಇನ್ನೊಬ್ಬ. ಬ್ರೇಕ್ ಇನ್‌ಸ್ಪೆಕ್ಟರ ಬಿಳಿ ಅಂಗಿಯ ನೆನಪಾಗಿ ಬ್ಯಾರಿಯವರು ಎರಡಕ್ಕೂ ಒಪ್ಪಲಿಲ್ಲ. ಕೊನೆಗೆ ಗೌಡರು ತೀರ್ಮಾನ ಹೇಳಿದರು. ಮೊದಲ ಮನೆ ಮುಂಡಪ್ಪನದ್ದು. ಅಲ್ಲಿ ಗಾಡಿ ನಿಲ್ಲಿಸಿ ಬ್ಯಾರಿ ಒಂದು ಕೂ ಹಾಕುವುದು. ಮುಂಡಪ್ಪ ಮೇಲಿನ ಮನೆಗೆ ಕೂ ಹಾಕುವುದು, ಅವರು ಅವರ ಆಚೆಯವರಿಗೆ. ಬೈಲಿನ ತುದಿಯವರೆಗೆ ಕೂಗು ಗಾಡಿಗಿಂತ ಮೊದಲೇ ಹೋಗುತ್ತದೆ. ಹೊಗೆಯೂ ಇಲ್ಲ, ಡೀಸೆಲ್ ಖರ್ಚೂ ಇಲ್ಲ.

ಸಂಜೆ ಬ್ಯಾರಿಯವರು ಮನೆಗೆ ಬಂದಾಗ ಓಮ್ನಿಯೊಳಗೆ ಬಸಳೆಯ ಎಲೆ, ಕೋಳಿಯ ಪುಕ್ಕ, ಹರಿದ ಸೀಟಿನ ಪ್ಲಾಸ್ಟಿಕ್, ಮುಂದಿನ ಸೀಟಿನ ಬೆನ್ನಿಗೆ ಗೌಡರ ತಲೆಯ ಎಣ್ಣೆ. ಅವ್ವಮ್ಮ ಬಾಗಿಲಲ್ಲೇ ನಿಂತಿದ್ದರು.

“ಇವತ್ತಾದರೂ ಯಾರಾದರೂ ಬಂದರಾ?” ಎಂದು ಕೇಳಿದರು.

“ಬಂದರು” ಎಂದರು ಬ್ಯಾರಿ, ಚಪ್ಪಲಿ ಬಿಚ್ಚುತ್ತ. “ನನ್ನ ಮಯ್ಯತ್ತಿಗೆ ಮಣ್ಣು ಹಾಕಲು ಬಂದದ್ದು. ಗಾಡಿಯಲ್ಲಿ ಜಾಗ ಸಾಕಾಗಲಿಲ್ಲ.”